ನೀಲಿ ಕಾಗದ ಸುತ್ತಿದ ಕೇಕು

ನಮ್ಮಣ್ಣ ಗೋವರ್ಟ್ ಬರೆದ ಚಿತ್ರಗಳಲ್ಲಿ ನನಗೆ ಮದುವೆಯಾಗಿ ಎಷ್ಟೋ ವರ್ಷಗಳಾಗಿವೆ. ಮಕ್ಕಳೂ ಬೇಕಾದಷ್ಟು. ಒಂದರಲ್ಲಿ ತೊಟ್ಟಿಲು ತೂಗುತ್ತಿದ್ದೇನೆ, ಇನ್ನೊಂದರಲ್ಲಿ ಮಗಳ ತಲೆಯಲ್ಲಿ ಹೇನು ಹುಡುಕುತ್ತಿದ್ದೇನೆ, ಮತ್ತೊಂದರಲ್ಲಿ ಊಟಕ್ಕೆ ಮೊದಲು ಮಗನ ಕೈ ಜೋಡಿಸಿ ಪ್ರಾರ್ಥನೆ ಹೇಳಿಸುತ್ತಿದ್ದೇನೆ. ಆ ಮಕ್ಕಳೆಲ್ಲ ಪಕ್ಕದ ಬ್ರೆಡ್ಡಿನ ಅಂಗಡಿಯವರವು. ಒಂದೊಂದು ಬಿಸ್ಕತ್ತಿನ ಆಸೆಗೆ ಬಂದು ಕೂರುತ್ತಿದ್ದವು, ಎದ್ದು ಹೋಗುವಾಗ ನನ್ನ ಮಡಿಲಿಗೇ ಮೂಗು ಒರೆಸಿ ಹೋಗುತ್ತಿದ್ದವು. ಚಿತ್ರ ಕೊಂಡವರು "ಎಂಥ ತಾಯಿ!" ಎಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದರು. ಆ ತಾಯಿಗೆ ಮೂವತ್ತು ಹತ್ತಿರವಾಗುತ್ತ ಬಂದರೂ ಹೆಣ್ಣು ಕೇಳಿಕೊಂಡು ಒಬ್ಬನೂ ಬಾಗಿಲು ತಟ್ಟಿಲ್ಲ ಎನ್ನುವುದು ಚಿತ್ರದಲ್ಲಿ ಎಲ್ಲಿಂದ ಕಾಣಬೇಕು?

ಲೈಡನ್ ಊರಿನಲ್ಲಿ ನಮ್ಮದು ಕಿರಿದಾದ ಮನೆ. ಮುಂದೊಂದು ಕೋಣೆ, ಹಿಂದೆ ಅಡುಗೆಮನೆ, ಮೇಲೆ ಅಟ್ಟ. ಮುಂದಿನ ಕೋಣೆಯ ಎಡಗಡೆಗೆ ಒಂದು ದೊಡ್ಡ ಕಿಟಕಿ. ನಮ್ಮ ಹೊಟ್ಟೆ ತುಂಬುತ್ತಿದ್ದುದು ಆ ಕಿಟಕಿಯಿಂದ ಬೀಳುವ ಬೆಳಕಿನಿಂದ. ಅದರ ಕೆಳಗೆ ನನ್ನ ಕುರ್ಚಿ. ಕುರ್ಚಿಯ ಕಾಲುಗಳ ಸುತ್ತ ಸೀಮೆಸುಣ್ಣದ ಗೆರೆ, ನನ್ನ ಪಾದಗಳ ಸುತ್ತಲೂ ಸೀಮೆಸುಣ್ಣದ ಗೆರೆ. ನಮ್ಮ ಬೀದಿಯ ಹೆಂಗಸರು ಮನೆಯ ನೆಲ ಸಾಲದೆಂದು ಬೀದಿಯ ಇಟ್ಟಿಗೆಗಳನ್ನೂ ತಿಕ್ಕಿ ತೊಳೆಯುವವರು. ಅಂಥವರ ನಡುವೆ ನಾನೊಬ್ಬಳು ಆ ಗೆರೆಗಳನ್ನು ಬಿಟ್ಟು ಬಿಟ್ಟು ನೆಲ ಒರೆಸುತ್ತಿದ್ದೆ. ಒಮ್ಮೆ ತಪ್ಪಿ ಒಂದು ಗೆರೆ ಅಳಿಸಿದ್ದಕ್ಕೆ ಅಣ್ಣ ಆ ದಿನವೆಲ್ಲ ಅನ್ನ ನೀರು ಬಿಟ್ಟು ಮಂಕಾಗಿ ಕುಳಿತಿದ್ದ.

ಅವನು ಕೆಟ್ಟವನಲ್ಲ. ಅದೇ ನನಗೆ ಬಂದಿದ್ದ ಕಷ್ಟ. ಅಪ್ಪ ಅಮ್ಮ ಇಬ್ಬರೂ ಪ್ಲೇಗಿನಲ್ಲಿ ಹೋದಾಗ ನಾನು ಚಿಕ್ಕವಳು. ಅವನು ತಾನು ಮದುವೆಯಾಗದೆ ನನ್ನನ್ನು ಸಾಕಿದ. ನನ್ನ ಮೇಲೆ ಕೈಯೆತ್ತಿದವನಲ್ಲ, ದನಿ ಎತ್ತಿದವನೂ ಅಲ್ಲ. ಕೆಟ್ಟ ಅಣ್ಣನಾಗಿದ್ದರೆ ಬೈದು ಎದ್ದು ಹೋಗಬಹುದಿತ್ತು. ಒಳ್ಳೆಯ ಅಣ್ಣ ಕುಂಚ ಹಿಡಿದು "ಇನ್ನೊಂಚೂರು ಹಾಗೇ ಇರು ಪುಟ್ಟಿ" ಎಂದರೆ ಏನು ಮಾಡುತ್ತೀರಿ?

ಅವನ ಕೆಲಸವೋ, ಬಲು ನಿಧಾನ. ಒಂದು ಪೊರಕೆ ಬರೆಯಲು ವಾರ. ಒಂದು ಹಿತ್ತಾಳೆ ದೀಪದ ಕಂಬಕ್ಕೆ ಇನ್ನೂ ಹೆಚ್ಚು. ಕಣ್ಣಿಗೆ ಕಂಡ ದಾರದ ಎಳೆಗಳನ್ನೆಲ್ಲ ಬರೆಯಬೇಕು ಅವನಿಗೆ. ಅಲ್ಲಿಯವರೆಗೆ ಕೋಣೆಯಲ್ಲಿ ಏನೂ ಕದಲಕೂಡದು. ನಾನು ಅಡುಗೆಗೆ ಏಳುವಾಗ ಮೈಮೇಲಿನ ಹಳದಿ ಜಾಕೀಟನ್ನು ಬಿಚ್ಚಿ ಮರದ ಗೊಂಬೆಯೊಂದಕ್ಕೆ ತೊಡಿಸಿ, ಅದನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ಮಡಿಕೆಗಳನ್ನೆಲ್ಲ ಮೊದಲಿದ್ದ ಹಾಗೆಯೇ ಜೋಡಿಸುತ್ತಿದ್ದ. ಆ ಗೊಂಬೆಗೂ ನನಗೂ ಇದ್ದ ವ್ಯತ್ಯಾಸ ಇಷ್ಟೇ, ಗೊಂಬೆಗೆ ಅಡುಗೆ ಬರುತ್ತಿರಲಿಲ್ಲ.

ಹೀಗಿರುವಾಗ ಟೈಮೆನ್ ಬಂದರು. ಹಾರ್ಲೆಂ ಊರಾಚೆ, ಮರಳದಿಬ್ಬಗಳ ಪಕ್ಕದಲ್ಲಿ ಅವರದು ಬಟ್ಟೆ ಬಿಳುಪು ಮಾಡುವ ಹುಲ್ಲುಗಾವಲು. ನಾರಿನ ಬಟ್ಟೆಯನ್ನು ಬೂದಿನೀರಿನಲ್ಲಿ ಕುದಿಸಿ, ಹುಳಿ ಮಜ್ಜಿಗೆಯಲ್ಲಿ ನೆನೆಹಾಕಿ, ಬೇಸಿಗೆಯಿಡೀ ಹುಲ್ಲಿನ ಮೇಲೆ ಹಾಸಿ ಬಿಸಿಲಿಗೆ ಒಣಗಿಸುವ ಕಸುಬು. ಅಣ್ಣ ಯಾವುದೋ ಚಿತ್ರಕ್ಕೆಂದು ಹೇಳಿದ್ದ ಮೇಜಿನ ಹಾಸು ಕೊಡಲು ಬಂದಿದ್ದರು. ದೊಡ್ಡ ಆಳು, ಕೈಗಳೆಲ್ಲ ಬೂದಿನೀರಿಗೆ ಸುಲಿದು ಕೆಂಪಗಾಗಿದ್ದವು. ಟೋಪಿ ತೆಗೆದು ಕೈಯಲ್ಲಿ ಹಿಡಿದು, ಕುರ್ಚಿಯಲ್ಲಿ ಕದಲದೆ ಕುಳಿತಿದ್ದ ನನ್ನನ್ನು ಒಂದಷ್ಟು ಹೊತ್ತು ನೋಡಿದರು.

"ಕಾಲು ಜೋಮು ಹಿಡಿಯಲ್ವಾ ನಿಮಗೆ?" ಎಂದರು.

ಅಷ್ಟು ವರ್ಷಗಳಲ್ಲಿ ಎಷ್ಟೋ ಜನ ಆ ಕೋಣೆಗೆ ಬಂದು ಹೋಗಿದ್ದರು. ನನ್ನ ಕುತ್ತಿಗೆಯ ಮೇಲೆ ಬೆಳಕು ಎಷ್ಟು ಚೆನ್ನಾಗಿ ಬಿದ್ದಿದೆ ಎಂದವರಿದ್ದರು, ಜಾಕೀಟಿನ ತುಪ್ಪಳ ನಿಜದ್ದೇ ಎಂದು ಕೇಳಿದವರಿದ್ದರು. ಕಾಲಿನ ವಿಷಯ ಕೇಳಿದವರು ಇವರೊಬ್ಬರೇ. ತಲೆಯಾಡಿಸುವ ಹಾಗಿರಲಿಲ್ಲ, ಅಣ್ಣ ಆಗ ಕಿವಿ ಬರೆಯುತ್ತಿದ್ದ.

ಆಮೇಲೆ ಅವರು ಏನಾದರೊಂದು ನೆಪ ಮಾಡಿಕೊಂಡು ಬರತೊಡಗಿದರು. ಮೇಜಿನ ಹಾಸು ಕಲೆಯಾಗಿಲ್ಲವಷ್ಟೆ ಎಂದೊಮ್ಮೆ, ಈ ಕಡೆ ಬೇರೆ ಕೆಲಸವಿತ್ತು ಎಂದೊಮ್ಮೆ. ಹುಲ್ಲುಗಾವಲನ್ನು ಅವರ ತಾಯಿ ನೋಡಿಕೊಳ್ಳುತ್ತಿದ್ದರಂತೆ, ಚಳಿಗಾಲಕ್ಕೆ ಮುಂಚೆ ತೀರಿಕೊಂಡರಂತೆ. ಮಾರ್ಚಿ ಬಂದರೆ ಕೆಲಸ ಶುರು. ಕೆಲಸದ ಹೆಣ್ಣಾಳುಗಳ ಮೇಲೆ ಒಬ್ಬ ಯಜಮಾನಿಯಿಲ್ಲದೆ ಆ ಕಸುಬು ನಡೆಯದು. ಪಕ್ಕದ ಹುಲ್ಲುಗಾವಲಿನಲ್ಲಿ ಒಬ್ಬಳು ವಿಧವೆ ಇದ್ದಾಳೆ, ಎಲ್ಲರೂ ಅವಳನ್ನೇ ಮಾಡಿಕೋ ಎನ್ನುತ್ತಿದ್ದಾರೆ ಎಂದೂ ಹೇಳಿದರು. ಹೇಳುವಾಗ ನೆಲ ನೋಡುತ್ತಿದ್ದರು.

ಫೆಬ್ರವರಿಯ ಒಂದು ಭಾನುವಾರ, ಅಣ್ಣ ಅಟ್ಟದಲ್ಲಿ ಮಲಗಿದ್ದಾಗ ಬಂದರು. ನೀಲಿ ಕಾಗದ ಸುತ್ತಿದ ಒಂದು ಜೇನುಕೇಕನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟರು.

ನಮ್ಮ ಕಡೆ ಹೆಣ್ಣು ಕೇಳುವ ರೀತಿಯೇ ಅದು. ಗಂಡು ಕೇಕು ಇಟ್ಟು ಹೋಗುತ್ತಾನೆ, ಬಾಯಿಬಿಟ್ಟು ಏನೂ ಕೇಳುವುದಿಲ್ಲ. ಹೇಳಿದ ದಿನ ಮತ್ತೆ ಬರುತ್ತಾನೆ. ಕೇಕು ಕೊಯ್ದು ತಟ್ಟೆಯಲ್ಲಿ ಇಟ್ಟಿದ್ದರೆ ಹುಡುಗಿ ಒಪ್ಪಿದ ಹಾಗೆ. ಕಾಗದ ಬಿಚ್ಚದೆ ಹಾಗೇ ಇದ್ದರೆ ಇಲ್ಲ ಎಂದ ಹಾಗೆ. ಆಮೇಲೆ ಮಾತಿಲ್ಲ, ಅವನು ಟೋಪಿ ಹಾಕಿಕೊಂಡು ಹೋಗುತ್ತಾನೆ, ಮತ್ತೆಂದೂ ಕೇಳುವುದಿಲ್ಲ. ಇಬ್ಬರ ಮಾನವೂ ಉಳಿಯಲಿ ಎಂದು ಹಿರಿಯರು ಮಾಡಿಟ್ಟ ಏರ್ಪಾಡು.

"ಮುಂದಿನ ಭಾನುವಾರ ಬೇಡ, ಅದರಾಚೆ ಭಾನುವಾರ ಬರ್ತೀನಿ," ಎಂದರು ಟೈಮೆನ್. "ನಿಧಾನವಾಗಿ ಯೋಚ್ನೆ ಮಾಡಿ."

ಯೋಚನೆ ಮಾಡುವುದೇನಿತ್ತು? ಅವರು ಬಾಗಿಲು ದಾಟುವ ಮೊದಲೇ ಕೊಯ್ದುಬಿಡುವಷ್ಟು ಆತುರ ನನಗೆ. ಆದರೆ ಅಷ್ಟು ಬೇಗ ಕೊಯ್ದರೆ ಕೇಕು ಒಣಗುತ್ತದೆ, ಹುಡುಗಿ ಹಸಿದು ಕೂತಿದ್ದಳು ಎಂದು ಜನ ಆಡಿಕೊಳ್ಳುತ್ತಾರೆ. ಅವರು ಬರುವ ದಿನ ಕೊಯ್ದರಾಯಿತು ಎಂದುಕೊಂಡೆ. ಅಣ್ಣನಿಗೆ ಸಂಜೆ ಹೇಳಿದೆ. "ಟೈಮೆನ್ ಬಂದಿದ್ರು. ಕೇಕು ಇಟ್ಟು ಹೋಗಿದಾರೆ."

"ಒಳ್ಳೇದು," ಎಂದ. ಪಾಪ, ಅವನ ಮನಸ್ಸೆಲ್ಲ ಗೋಡೆ, ನೆಲ ಎಲ್ಲ ಮುಗಿದು ಮಾರನೆಯ ದಿನ ನನ್ನನ್ನು ಬರೆಯಲು ಶುರು ಮಾಡಬೇಕಾಗಿದ್ದ ಚಿತ್ರದಲ್ಲಿತ್ತು. ಹಾರ್ಲೆಂನ ಬಟ್ಟೆ ವ್ಯಾಪಾರಿ ದೆ ರೈಕ್ ಸಾಹುಕಾರರು ಹೇಳಿ ಮಾಡಿಸುತ್ತಿದ್ದ ಚಿತ್ರ. ಕಿಟಕಿಯ ಬಳಿ ಹೊಲಿಯುತ್ತ ಕುಳಿತ ಗೃಹಿಣಿ, ಅಷ್ಟೇ ಅವರು ಕೇಳಿದ್ದು.

ಬೆಳಿಗ್ಗೆ ನಾನು ಒಲೆ ಹಚ್ಚುತ್ತಿದ್ದಾಗ ಮುಂದಿನ ಕೋಣೆಯಿಂದ ಕೂಗು ಕೇಳಿಸಿತು.

"ಹಿಲ್ಲೆ! ಹಿಲ್ಲೆಗೊಂಡಾ! ಓಡಿ ಬಾ, ಆದ್ರೆ ಏನೂ ಮುಟ್ಟಬೇಡ!"

ಓಡಿ ಹೋದೆ. ಅಣ್ಣ ಮೇಜಿನ ಎದುರು ಕೈಕಟ್ಟಿ ನಿಂತಿದ್ದ. ಕಿಟಕಿಯಿಂದ ಬಂದ ಬೆಳಕು ನೀಲಿ ಕಾಗದದ ಒಂದು ಮಗ್ಗುಲಿಗೆ ಬಿದ್ದಿತ್ತು, ಇನ್ನೊಂದು ಮಗ್ಗುಲು ನೆರಳಿನಲ್ಲಿತ್ತು.

"ನೋಡು ಆ ನೀಲಿ! ಆ ಮಡಿಕೆ ನೋಡು! ನಿನ್ನ ಹಳದಿ ಜಾಕೀಟಿನ ಪಕ್ಕದಲ್ಲಿ ಇದು... ನಾನು ಹುಡುಕಿದ್ರೂ ಸಿಕ್ತಿರಲಿಲ್ಲ ಕಣೇ!"

"ಅಣ್ಣ, ಅದು ಟೈಮೆನ್ ಕೇಕು."

"ಗೊತ್ತು, ನೀನೇ ಹೇಳ್ದೆಯಲ್ಲ," ಎನ್ನುತ್ತ ಸೀಮೆಸುಣ್ಣ ತೆಗೆದು ಅದರ ಸುತ್ತ ಗೆರೆ ಎಳೆದ.

ನಾನು ಅವನ ತೋಳು ಹಿಡಿದೆ.

"ಅದನ್ನ ಕೊಯ್ಯಬೇಕು ಅಣ್ಣ ನಾನು. ಬರೋ ಭಾನುವಾರದ ಆಚೆ ಭಾನುವಾರಕ್ಕೆ."

"ಕೊಯ್ಯಿ, ಯಾರು ಬೇಡ ಅಂದ್ರು? ಮುಗಿದ ಮೇಲೆ ಕೊಯ್ಯಿ."

"ಕೇಕು ಒಳಗಿಟ್ಟುಕೊಂಡು ಕಾಗದದಲ್ಲಿ ಒಂದು ಇಟ್ಟಿಗೆ ಸುತ್ತಿಡ್ತೀನಿ. ನಿನಗೆ ಬೇಕಾಗಿರೋದು ಕಾಗದ ತಾನೇ?"

"ಇಟ್ಟಿಗೆಗೆ ಮೂಲೆ ಇರುತ್ತೆ, ಕೇಕಿಗೆ ಮೂಲೆ ಇರಲ್ಲ. ಮಡಿಕೆ ಬೇರೆ ಥರ ಬೀಳುತ್ತೆ," ಎಂದ, ಮಗುವಿಗೆ ಹೇಳುವ ಹಾಗೆ ಸಮಾಧಾನದಿಂದ. "ಕೂತ್ಕೋ ಪುಟ್ಟಿ. ಬೆಳಕು ಹೋಗುತ್ತೆ."

ಕುಳಿತೆ. ಇನ್ನೇನು ಮಾಡಲಿ? ಅಂದಿನಿಂದ ನನ್ನ ಬಾಳು ಒಂದು ಮೊಳ ದೂರದಲ್ಲಿ, ನೀಲಿ ಕಾಗದದೊಳಗೆ, ಸೀಮೆಸುಣ್ಣದ ಗೆರೆಯ ನಡುವೆ ಕುಳಿತಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಕೈ ಚಾಚುವ ಹಾಗಿರಲಿಲ್ಲ, ಕೈಯಲ್ಲಿ ಸೂಜಿ ಇತ್ತು, ಅಣ್ಣ ಆ ಕೈಯನ್ನು ಬರೆಯುತ್ತಿದ್ದ. ನಿಮ್ಮ ಬೆನ್ನಿಗೆ ಹಗ್ಗ ಕಟ್ಟಿದ್ದರೆ ಹಗ್ಗವನ್ನಾದರೂ ಬೈಯಬಹುದು. ನನ್ನನ್ನು ಕಟ್ಟಿಹಾಕಿದ್ದು ಅಣ್ಣನ ಪ್ರೀತಿ ಮತ್ತು ನನ್ನ ನಾಚಿಕೆ, ಎರಡಕ್ಕೂ ಗಂಟೇ ಕಾಣುತ್ತಿರಲಿಲ್ಲ.

ಮೊದಲ ದಿನಗಳಲ್ಲಿ ಅಣ್ಣನನ್ನು ಮನಸ್ಸಿನಲ್ಲೇ ಶಪಿಸುತ್ತ ಕೂತೆ. "ಹುಬ್ಬು ಗಂಟು ಹಾಕ್ಬೇಡ," ಎನ್ನುತ್ತಿದ್ದ ಅಣ್ಣ. ಆಮೇಲೆ ಶಪಿಸಿ ಫಲವಿಲ್ಲವೆಂದು ಮನಸ್ಸನ್ನು ಬೇರೆ ಕಡೆ ಬಿಟ್ಟೆ. ದೇಹ ಕುರ್ಚಿಯಲ್ಲಿ ಇದ್ದರೇನಂತೆ, ನಾನು ಟೈಮೆನ್ನರ ಹುಲ್ಲುಗಾವಲಿನಲ್ಲಿ ಓಡಾಡತೊಡಗಿದೆ. ಬಟ್ಟೆ ಹಾಸಿದೆ, ನೀರು ಚಿಮುಕಿಸಿದೆ, ಮಜ್ಜಿಗೆ ತೊಟ್ಟಿಯಲ್ಲಿ ಕೈಯಾಡಿಸಿದೆ, ಸೋಮಾರಿ ಹೆಣ್ಣಾಳುಗಳನ್ನು ಬಾಯಿತುಂಬ ಬೈದೆ. ಗಾಳಿ ಬಂದರೆ ಬಟ್ಟೆ ಹಾರದಂತೆ ಓಡಿ ಓಡಿ ಗೂಟ ಬಡಿದೆ. ಟೈಮೆನ್ ಆಚೆ ತುದಿಯಿಂದ ಕೈಬೀಸಿದರು. ಏನೇ ಹೇಳಿ, ಅಷ್ಟು ಸುಖ ನಾನು ಆವರೆಗೆ ಕಂಡಿರಲಿಲ್ಲ.

"ಹಾಂ!" ಎಂದ ಅಣ್ಣ ಪಿಸುಮಾತಿನಲ್ಲಿ. "ಅದೇ, ಅದೇ ಮುಖ. ಬಿಡಬೇಡ ಅದನ್ನ. ದೇವರಾಣೆ, ಇಂಥ ಮುಖ ನೀನು ಯಾವತ್ತೂ ಕೊಟ್ಟಿರಲಿಲ್ಲ."

ನಾನು ಬಿಡಲಿಲ್ಲ.

ಎರಡನೆಯ ಶನಿವಾರ ಬಂತು. ಕಾಗದದ ಒಂದು ಮಡಿಕೆ ಇನ್ನೂ ಉಳಿದಿತ್ತು. ಬೆಳಿಗ್ಗೆಯಿಂದ ಮೋಡ. ಅಣ್ಣ ಕಿಟಕಿಗೂ ಚಿತ್ರದ ಹಲಗೆಗೂ ಓಡಾಡುತ್ತ ನಿಟ್ಟುಸಿರು ಬಿಡುತ್ತಿದ್ದ, ನಾನು ಕುರ್ಚಿಯಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ. ನಾಳೆ ಭಾನುವಾರ, ನಾಳೆ ಕುಂಚ ಮುಟ್ಟುವ ಹಾಗಿಲ್ಲ. ಇವತ್ತು ಮುಗಿಯದಿದ್ದರೆ ಕೇಕು ಸೋಮವಾರದವರೆಗೂ ಹಾಗೇ ಇರಬೇಕೆನ್ನುತ್ತಾನೆ. ಇರಬೇಕೆಂದರೆ ಏನು ಮಾಡುತ್ತೇನೆ? ಆ ಮಾತನ್ನು ಬೆಳಗಿನಿಂದ ನೂರು ಸಲ ನನ್ನನ್ನೇ ಕೇಳಿಕೊಂಡೆ. ಮಧ್ಯಾಹ್ನದ ಮೇಲೆ ಬಿಸಿಲು ಇಣುಕಿತು. ಸಂಜೆಗೆ ಸ್ವಲ್ಪ ಮುಂಚೆ ಅಣ್ಣ ಕುಂಚ ಒರೆಸಿ, "ಆಯ್ತು. ತಗೋ ನಿನ್ನ ಕೇಕು," ಎಂದ.

ನಾನು ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಅಣ್ಣ ನಕ್ಕ. ನಾನೂ ನಕ್ಕೆ. ಪಾಪ, ಸುಮ್ಮನೆ ಇವನನ್ನು ಶಪಿಸಿದೆನಲ್ಲ ಎಂದು ಅವನ ಕೆನ್ನೆಗೊಂದು ಮುತ್ತು ಕೊಟ್ಟೆ.

ಭಾನುವಾರ ಚರ್ಚಿನಿಂದ ಬಂದವಳೇ ಅಡುಗೆಮನೆಯಲ್ಲಿ ಕೇಕು ಕೊಯ್ದು, ತವರದ ತಟ್ಟೆಯಲ್ಲಿ ಬಿಲ್ಲೆಬಿಲ್ಲೆಯಾಗಿ ಜೋಡಿಸಿದೆ. ಸ್ವಲ್ಪ ಗಟ್ಟಿಯಾಗಿತ್ತು, ಚಾಕು ಒತ್ತಬೇಕಾಯಿತು. ಹೊಸ ಟೊಪ್ಪಿಗೆ ಹಾಕಿಕೊಂಡೆ. ಹುಡುಗಿ ತಾನಾಗಿ ಬಾಗಿಲಿಗೆ ಹೋಗಬಾರದು, ಗಂಡು ಒಳಗೆ ಬಂದು ತಟ್ಟೆ ನೋಡಬೇಕು. ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತೆ. ಒಲೆಯ ಮೇಲೆ ಬಟಾಣಿ ಸಾರು ಕುದಿಯುತ್ತಿತ್ತು.

ಬಾಗಿಲು ತಟ್ಟಿದ್ದು ಕೇಳಿಸಿತು. ಅಣ್ಣ ತೆರೆದ. ಟೈಮೆನ್ನರ ದಪ್ಪ ದನಿ ಕೇಳಿಸಿತು, ಅಣ್ಣನ ಉತ್ಸಾಹದ ದನಿ ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಈಗ ಬರುತ್ತಾರೆ, ಈಗ ಬರುತ್ತಾರೆ ಎಂದು ಬಾಗಿಲನ್ನೇ ನೋಡುತ್ತ ಕುಳಿತೆ. ಬೀದಿಬಾಗಿಲು ಮುಚ್ಚಿದ ಸದ್ದಾಯಿತು.

ಅಣ್ಣ ಕೈ ಉಜ್ಜಿಕೊಳ್ಳುತ್ತ ಒಳಗೆ ಬಂದ.

"ನಿನ್ನ ಮಜ್ಜಿಗೆಯವನು ಬಂದಿದ್ದ ಕಣೇ. ಚಿತ್ರ ತೋರಿಸ್ದೆ. ಎಷ್ಟು ಹೊತ್ತು ನೋಡ್ದ ಅಂತೀಯ! ಅವನಿಗೆ ಚಿತ್ರ ಅಂದ್ರೆ ಇಷ್ಟು ಅರ್ಥವಾಗುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ."

"ಏನಂದ್ರು?"

"'ಅರ್ಥವಾಯ್ತು' ಅಂದ. ಟೋಪಿ ಹಾಕ್ಕೊಂಡು ಹೋದ."

ಒಂದು ಗಳಿಗೆ ನನಗೇನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಮುಂದಿನ ಕೋಣೆಗೆ ಓಡಿದೆ. ಚಿತ್ರ ಕಿಟಕಿಯ ಪಕ್ಕದಲ್ಲಿ, ಬಂದವರು ಮೊದಲು ನೋಡಲೇಬೇಕಾದ ಜಾಗದಲ್ಲಿ ನಿಂತಿತ್ತು. ಅದರಲ್ಲಿ ನಾನು ಹೊಲಿಯುತ್ತ ಕುಳಿತಿದ್ದೆ. ಪಕ್ಕದ ಮೇಜಿನ ಮೇಲೆ ಅವರು ತಂದಿಟ್ಟ ಕೇಕು, ನೀಲಿ ಕಾಗದದಲ್ಲಿ, ಕಟ್ಟಿದ ದಾರ ಕೂಡ ಬಿಚ್ಚದೆ, ಅಂದು ಇಟ್ಟ ಹಾಗೆಯೇ ಇತ್ತು. ಇದಕ್ಕಿಂತ ಸ್ಪಷ್ಟವಾಗಿ ಯಾವ ಹುಡುಗಿಯೂ ಯಾವ ಗಂಡಿಗೂ ಇಲ್ಲವೆಂದು ಹೇಳಿರಲಾರಳು.

"ಅಣ್ಣ! ಏನು ಮಾಡ್ದೆ ನೀನು!"

"ಏನು ಮಾಡ್ದೆ?"

ಅವನ ಮುಖ ನೋಡಿದೆ. ಅಲ್ಲಿ ನಿಂತು ಜಗಳವಾಡಲು ಸಮಯವಿರಲಿಲ್ಲ. ಹಾರ್ಲೆಂಗೆ ಹೋಗುವ ದೋಣಿಯ ಗಂಟೆ ಬಾರಿಸುತ್ತಿತ್ತು. ಆ ದೋಣಿ ಗಂಟೆ ಬಾರಿಸಿದ ಮೇಲೆ ಯಾರಿಗೂ ಕಾಯುವುದಿಲ್ಲ, ಮೇಯರೇ ಬಂದರೂ ಅಷ್ಟೇ. ತಟ್ಟೆಯಲ್ಲಿದ್ದ ಕೇಕನ್ನು ಏಪ್ರನ್ನಿಗೆ ಸುರಿದುಕೊಂಡು, ಮನೆಯೊಳಗಿನ ಚಪ್ಪಲಿಯಲ್ಲೇ ಬೀದಿಗೆ ಬಿದ್ದೆ.

"ಹಿಲ್ಲೆ! ಸಾರು ಉಕ್ತಾ ಇದೆ!" ಎಂದು ಅಣ್ಣ ಬಾಗಿಲಲ್ಲಿ ನಿಂತು ಕೂಗಿದ್ದು ಬೀದಿಯ ತಿರುವಿನವರೆಗೂ ಕೇಳಿಸಿತು.

ಊರ ಬಾಗಿಲು ದಾಟಿ ಕಾಲುವೆಯ ಬಳಿ ಬರುವ ಹೊತ್ತಿಗೆ ದೋಣಿ ಹೊರಟಿತ್ತು. ದೇವರು ದೊಡ್ಡವನು, ಅದನ್ನು ಎಳೆಯುವುದು ದಡದ ಮೇಲೆ ನಡೆಯುವ ಕುದುರೆ. ಕುದುರೆಯ ನಡಿಗೆ ಎಷ್ಟೋ ದೋಣಿಯ ವೇಗ ಅಷ್ಟೇ. ಎದ್ದು ಬಿದ್ದು ಓಡಿ ದೋಣಿಯನ್ನು ಹಿಡಿದೆ. ಹಿಡಿದೆ ಎಂದರೆ, ದಡದ ಮೇಲೆ ಅದರ ಪಕ್ಕಕ್ಕೆ ಬಂದೆ. ಟೈಮೆನ್ ಹಿಂಬದಿಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು.

"ಟೈಮೆನ್!"

ಅವರು ತಲೆಯೆತ್ತಿದರು. ದೋಣಿಯ ಇಪ್ಪತ್ತು ತಲೆಗಳೂ ನನ್ನ ಕಡೆ ತಿರುಗಿದವು.

"ಕೇಕು ಕೊಯ್ದಿದ್ದೆ! ಅಡುಗೆಮನೆಯಲ್ಲಿತ್ತು! ನೀವು ಒಳಗೇ ಬರಲಿಲ್ಲ!" ಎನ್ನುತ್ತ ಏಪ್ರನ್ ಬಿಡಿಸಿ ತೋರಿಸಿದೆ. ಎರಡು ತುಂಡು ಕೆಸರಿಗೆ ಬಿದ್ದವು.

"ಅಯ್ಯೋ, ಇದೇನು ತಾಯಿ, ಕೇಕು ಮಾರೋಕೆ ಬಂದ್ಯಾ?" ಎಂದ ಚುಟ್ಟ ಸೇದುತ್ತಿದ್ದ ಒಬ್ಬ.

"ಸುಮ್ನಿರೋ ಮಂಕೆ, ಹೆಣ್ಣು ಒಪ್ಪಿದಾಳೆ," ಎಂದಳು ಹಾವುಮೀನಿನ ಬುಟ್ಟಿ ಹಿಡಿದು ಕೂತಿದ್ದ ಒಬ್ಬ ಮುದುಕಿ. "ಏನಯ್ಯಾ ದೊಡ್ಡವನೇ, ಮಾತಾಡು!"

ಟೈಮೆನ್ನರ ಮುಖ ಕೆಂಪಗಾಗಿತ್ತು. "ಕೇಕಿನ ಮಾತಲ್ಲ ಹಿಲ್ಲೆಗೊಂಡಾ," ಎಂದರು ಮೆಲ್ಲಗೆ. "ಚಿತ್ರದಲ್ಲಿ ಕೇಕು ನೋಡಿದಾಗ್ಲೂ ನನಗೆ ಅಷ್ಟು ನಂಬಿಕೆ ಬರಲಿಲ್ಲ. ಒಳಗೆ ಹೋಗಿ ಕೇಳೋಣ ಅಂತಲೇ ಇದ್ದೆ. ಆಮೇಲೆ ನಿಮ್ಮ ಮುಖ ನೋಡ್ದೆ."

"ನನ್ನ ಮುಖಕ್ಕೇನಾಗಿತ್ತು?"

"ಎಷ್ಟು ನೆಮ್ಮದಿಯಿತ್ತು ಅದರಲ್ಲಿ! ನನ್ನ ಜನ್ಮದಲ್ಲಿ ಅಂಥ ನೆಮ್ಮದಿ ಯಾರ ಮುಖದಲ್ಲೂ ನೋಡಿಲ್ಲ. ಅಷ್ಟು ಸುಖವಾಗಿರೋಳನ್ನ ಆ ಮನೆಯಿಂದ ಎಬ್ಬಿಸ್ಕೊಂಡು ಹೋಗಿ ಮಜ್ಜಿಗೆ ತೊಟ್ಟಿ ಮುಂದೆ ನಿಲ್ಲಿಸ್ಲಾ? ಪಾಪ ಬರುತ್ತೆ ನನಗೆ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಚಪ್ಪಲಿ ಕೆಸರಿನಲ್ಲಿ ಹೂತು ಹೋಯಿತು, ಅದನ್ನು ಅಲ್ಲೇ ಬಿಟ್ಟು ಕಾಲುಚೀಲದಲ್ಲೇ ನಡೆದೆ.

"ಚಿತ್ರದಲ್ಲಿ ಇರೋದೆಲ್ಲ ನಿಜ ಅಂದ್ಕೊಂಡ್ರಾ? ಆ ಚಿತ್ರದಲ್ಲಿ ನೆಲ ಹೇಗಿದೆ?"

"ನೆಲವಾ? ಕರಿ ಬಿಳಿ ಕಲ್ಲಿನ ನೆಲ."

"ನೋಡುವಾಗ ನೀವು ನಿಂತಿದ್ದು ಯಾವ ನೆಲದ ಮೇಲೆ?"

ಟೈಮೆನ್ ಯೋಚಿಸಿದರು. "ಹಲಗೆ," ಎಂದರು ಕೊನೆಗೆ.

ದೋಣಿಯಲ್ಲಿ ನಗು ಎದ್ದಿತು. "ಸಿಕ್ಕಿಬಿದ್ದ, ಸಿಕ್ಕಿಬಿದ್ದ!" ಎಂದ ಚುಟ್ಟದವನು. ಆದರೆ ಟೈಮೆನ್ ನಗಲಿಲ್ಲ. ಅವರು ಹಟಮಾರಿ ಅಲ್ಲ, ಆದರೆ ಒಂದು ಮಾತನ್ನು ಕೊನೆಯವರೆಗೂ ನೋಡದೆ ಬಿಡುವವರಲ್ಲ.

"ನೆಲ ಅವನು ಕಟ್ಟಿ ಬರೆದ, ಸರಿ. ಮುಖಾನೂ ಕಟ್ಟಿ ಬರೆದನಾ?" ಎಂದು ಕೇಳಿದರು.

ಹೂಂ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಾಗಲಿಲ್ಲ. ಆ ಮುಖ ನನ್ನದೇ. ಅದೊಂದನ್ನಾದರೂ ನಾನು ಸುಳ್ಳು ಮಾಡಲಾರೆ. ಆದರೆ ನಿಜ ಹೇಳುವುದೆಂದರೆ, ಚರ್ಚಿನಿಂದ ಬಂದ ಬಟ್ಟೆಯಲ್ಲೇ ಕುಳಿತಿರುವ ಇಪ್ಪತ್ತು ಜನರ ಮುಂದೆ, ಬಿಳಿ ಕಾಲರಿನ ಹಿರಿಯರೊಬ್ಬರ ಮುಂದೆ, ಒಬ್ಬ ಮದುವೆಯಾಗದ ಹೆಣ್ಣು ಗಟ್ಟಿಯಾಗಿ ಹೇಳಬಾರದ ಮಾತು. ಪಿಸುಗುಟ್ಟೋಣವೆಂದರೆ ನಡುವೆ ನೀರು. ಇಷ್ಟು ವರ್ಷ ಬಾಯಿಮುಚ್ಚಿ ಕುಳಿತು ಕುಳಿತು ಗಂಟಲೇ ಮರೆತುಹೋಗಿತ್ತೋ ಏನೋ, ಎರಡು ಸಲ ಬಾಯಿ ತೆರೆದರೂ ದನಿ ಹೊರಡಲಿಲ್ಲ. ದೋಣಿ ತನ್ನ ಪಾಡಿಗೆ ಸಾಗುತ್ತಿತ್ತು.

"ಇಲ್ಲ," ಎಂದು ಕೂಗಿದೆ. "ಮುಖ ನಂದೇ! ಅವನು ಬರೀವಾಗ ನಾನು ನಿಮ್ಮ ಹುಲ್ಲುಗಾವಲಲ್ಲಿದ್ದೆ! ನಿಮ್ಮ ಜೊತೆ ಬಟ್ಟೆ ಹಾಸ್ತಾ ಇದ್ದೆ! ದಿನಾ, ಇಡೀ ದಿನ, ನಿಮ್ಮನ್ನೇ ನೆನೆಸ್ಕೊಂಡು ಕೂತಿದ್ದೆ! ಅದಕ್ಕೇ ಬಂತು ಆ ನೆಮ್ಮದಿ, ಗೊತ್ತಾಯ್ತಾ? ಇನ್ನೇನು ಹೇಳ್ಬೇಕು ನಾನು?"

ಬಿಳಿ ಕಾಲರಿನ ಹಿರಿಯರು ಆಚೆ ದಡದ ಹಸುಗಳನ್ನು ನೋಡತೊಡಗಿದರು. ನನಗೆ ನಾಚಿಕೆಯಿಂದ ಮೈಯೆಲ್ಲ ಬೆಂಕಿಯಾಗಿತ್ತು, ಜೊತೆಗೆ ಅಳು ಬೇರೆ.

"ನನ್ನ ಗಂಡ ಬದುಕಿರೋವರೆಗೂ ಅವನಿಗೆ ಇಂಥ ಮಾತು ನಾನು ಒಂದ್ಸಲಾನೂ ಹೇಳಲಿಲ್ಲ," ಎಂದಳು ಹಾವುಮೀನಿನ ಮುದುಕಿ, ಯಾರಿಗೂ ಅಲ್ಲದ ಹಾಗೆ.

ಮುಂದೆ ಒಂದು ಸೇತುವೆ. ಅಲ್ಲಿ ಹಗ್ಗ ಬಿಚ್ಚಿ ಆಚೆಗೆ ದಾಟಿಸಿ ಕಟ್ಟುವವರೆಗೆ ದೋಣಿ ನಿಲ್ಲಬೇಕು. ನಿಂತಿತು. ಟೈಮೆನ್ ದಡಕ್ಕೆ ಇಳಿದು ಬಂದರು. ನನ್ನ ಏಪ್ರನ್ನಿನಿಂದ ಕೇಕಿನ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡು ಅಗಿದರು. ಬಹಳ ಹೊತ್ತು ಅಗಿಯಬೇಕಾಯಿತು.

"ಒಣಗಿಹೋಗಿದೆ," ಎಂದರು. ಕಣ್ಣಲ್ಲಿ ನೀರಿತ್ತು.

"ಎರಡು ವಾರ ಬಿಸಿಲಲ್ಲಿ ಕೂತಿತ್ತು, ಇನ್ನೇನಾಗುತ್ತೆ?" ಎಂದೆ.

"ಹತ್ತೋರು ಹತ್ರಪ್ಪ, ಹಗ್ಗ ಕಟ್ಟಾಯ್ತು!" ಎಂದು ದೋಣಿಯವನು ಕೂಗಿದ. ಟೈಮೆನ್ ನನ್ನ ಒದ್ದೆ ಕಾಲುಗಳನ್ನು ನೋಡಿ, ಕೇಳದೆ ಮಾಡದೆ ನನ್ನನ್ನು ಎತ್ತಿ ದೋಣಿಯೊಳಗಿಟ್ಟರು. ಮುದುಕಿ ಬುಟ್ಟಿ ಸರಿಸಿ ಜಾಗ ಕೊಟ್ಟಳು. ಹಾರ್ಲೆಂನಲ್ಲಿ ಟೈಮೆನ್ನರ ಸೋದರತ್ತೆಯ ಮನೆಯಲ್ಲಿ ಇಳಿದುಕೊಂಡೆ, ಮೂರು ಭಾನುವಾರ ಚರ್ಚಿನಲ್ಲಿ ಹೆಸರು ಕೂಗಿಸಿ ಮದುವೆಯಾದೆವು. ಅಣ್ಣ ಬಂದಿದ್ದ. ಸಾರಿನ ಪಾತ್ರೆ ಸೀದುಹೋಯಿತು ಎಂದು ಹೇಳಿದ, ಆಮೇಲೆ ನನ್ನನ್ನು ತಬ್ಬಿಕೊಂಡು ಅತ್ತ.

ಅವನು ಬೇಕೆಂದೇ ಮಾಡಿದನೇ? ಸಾಯುವವರೆಗೂ "ನಾನು ನೋಡಿದ್ದು ಕಾಗದ ಕಣೇ, ಬರೀ ಕಾಗದ," ಎಂದೇ ಹೇಳಿದ. ಕೆಲವು ದಿನ ನಂಬುತ್ತೇನೆ. ಹುಲ್ಲುಗಾವಲಿನ ಕೆಲಸ ಸುಮ್ಮನೆಯಲ್ಲ, ಸೊಂಟ ಬಿದ್ದುಹೋಗುತ್ತದೆ, ಕೈಯ ಚರ್ಮ ಸುಲಿಯುತ್ತದೆ. ಅಂಥ ದಿನ ಸಂಜೆ ಸುಸ್ತಾಗಿ ಕೂತಾಗ ನಂಬುವುದಿಲ್ಲ, ಯಾಕೋ.

ಇಷ್ಟನ್ನೂ ಈಗ ಹೇಳುತ್ತಿರುವುದಕ್ಕೆ ಕಾರಣವಿದೆ. ಮೊನ್ನೆ ದೆ ರೈಕ್ ಸಾಹುಕಾರರ ಮನೆಗೆ ಬಿಳುಪು ಮಾಡಿದ ಬಟ್ಟೆ ಕೊಡಲು ಹೋಗಿದ್ದೆ. ಯಾವಾಗಲೂ ಟೈಮೆನ್ ಹೋಗುವವರು, ಅವರಿಗೆ ಜ್ವರ. ಸಾಹುಕಾರರಿಗೆ ನಾನು ಯಾರೆಂದು ಗೊತ್ತಿಲ್ಲ. ಬಿಸಿಲಿಗೆ ಕಪ್ಪಾಗಿ, ನಾಲ್ಕು ಹೆತ್ತು ದಪ್ಪಗಾದ ಮೇಲೆ ಗುರುತು ಹಿಡಿಯುವುದಾದರೂ ಹೇಗೆ? ನಡುಮನೆಯ ಗೋಡೆಯ ಮೇಲೆ ಚಿತ್ರ ತೂಗುಹಾಕಿತ್ತು. ಅದರ ಕೆಳಗೆ ಅವರ ಮಗಳು ಪೆಟ್ರೊನೆಲ್ಲಾ, ಹದಿನಾರೋ ಹದಿನೇಳೋ ಇರಬೇಕು, ಹೊಲಿಗೆ ಹಿಡಿದು ಮುಖ ಸಿಂಡರಿಸಿಕೊಂಡು ಕುಳಿತಿದ್ದಳು.

"ನೋಡಮ್ಮ ಈ ಚಿತ್ರಾನ," ಎಂದರು ಸಾಹುಕಾರರು. "ದಿನಾ ಹೇಳ್ತೀನಿ ಇವಳಿಗೆ, ಹೆಣ್ಣು ಅಂದ್ರೆ ಹೀಗಿರಬೇಕು ಅಂತ. ಮನೆ ಬಿಟ್ಟು ಬೇರೇನೂ ಬೇಡ ಆ ಹೆಂಗಸಿಗೆ. ಮುಖ ನೋಡಿದ್ರೇ ಗೊತ್ತಾಗಲ್ವಾ? ಇವಳೋ, ಯಾವಾಗ ನೋಡಿದ್ರೂ ಹರಳೆಣ್ಣೆ ಕುಡಿದೋರ ಥರ."

ಅವರು ಹೆಂಡತಿಯನ್ನು ಕರೆಯಲು ಒಳಗೆ ಹೋದರು. ನಾನು ಬಟ್ಟೆಯ ಗಂಟನ್ನು ಕೆಳಗಿಟ್ಟು ಆ ಹುಡುಗಿಯ ಹತ್ತಿರ ಬಾಗಿದೆ.

"ಆ ಹೆಂಗಸು ನಾನೇ," ಎಂದೆ.

"ಸುಳ್ಳು," ಎಂದಳು, ನನ್ನ ಕೈಗಳನ್ನು ನೋಡಿ.

"ದೇವರಾಣೆಗೂ ನಾನೇ. ಅಲ್ಲಿ ಕೂತು ಏನು ಯೋಚ್ನೆ ಮಾಡ್ತಿದ್ದೆ ಗೊತ್ತಾ?"

"ಏನು?"

"ಯಾವಾಗ ಇಲ್ಲಿಂದ ಎದ್ದು ಹೋಗ್ತೀನಿ, ಹೋದ್ಮೇಲೆ ಏನೇನು ಮಾಡ್ತೀನಿ ಅಂತ."

ಹುಡುಗಿ ತಲೆಯೆತ್ತಿ ಚಿತ್ರ ನೋಡಿದಳು. ಬಹಳ ಹೊತ್ತು ನೋಡಿದಳು. ಹುಬ್ಬಿನ ಗಂಟು ಸಡಿಲವಾಯಿತು, ತುಟಿಯ ತುದಿಯಲ್ಲಿ ಏನೋ ಮೂಡಿತು. ಆಮೇಲೆ ಹೊಲಿಗೆಯನ್ನು ಮಡಿಲಿಗೆ ಎಳೆದುಕೊಂಡು ನೆಟ್ಟಗೆ ಕುಳಿತಳು. ಸಾಹುಕಾರರು ಹೆಂಡತಿಯೊಂದಿಗೆ ಹೊರಗೆ ಬಂದರು, ಮಗಳ ಮುಖ ನೋಡಿ ಅಲ್ಲೇ ನಿಂತರು.

"ನೋಡಿದ್ಯಾ!" ಎಂದರು ಹೆಂಡತಿಗೆ, ದನಿ ತಗ್ಗಿಸಿ, ಸಂತೋಷದಿಂದ. "ಕಡೆಗೂ ಕಲಿತಳು."